ಗುಣವಾಗದ ಕ್ಯಾನ್ಸರ್ ಇರುವ ಮಾಜಿ ಸೈನಿಕರ ಆರೈಕೆ: ಮನೆಯವರ ಮನಸ್ಸು ಕುಸಿಯದಿರಲು ಏನೇನು ಮಾಡಬೇಕು

"ಅಪ್ಪನಿಗೆ ಹೇಳೋದಾ, ಬೇಡವಾ?" "ರಾತ್ರಿಯೆಲ್ಲ ಎದ್ದು ಕೂತಿರ್ತಾರೆ, ನೋವಾ ಅಂದ್ರೆ ಏನಿಲ್ಲ ಅಂತಾರೆ, ಏನು ಮಾಡೋದು?" "ಇದೆಲ್ಲ ಬೇಗ ಮುಗೀಲಿ ಅನ್ನಿಸುತ್ತೆ, ನಾನು ಪಾಪಿನಾ?" ಕೊಡಗು, ಹಾಸನ, ಬೆಳಗಾವಿ, ವಿಜಯಪುರ ಕಡೆಯ ಮಿಲಿಟರಿ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೇ ಮೂರು. ಮೂರಕ್ಕೂ ಉತ್ತರ ಕೆಳಗಿದೆ.

ಒಂದು ಮಾತು ಮೊದಲೇ ತಿಳಿದಿರಲಿ. ಮನೆಯವರು ಕುಸಿಯುವುದು ದುಃಖ ಒಂದರಿಂದಲೇ ಅಲ್ಲ. ನಿದ್ದೆಯಿಲ್ಲದ ರಾತ್ರಿ, ಬಚ್ಚಿಟ್ಟ ಸುದ್ದಿ, ಹತೋಟಿಗೆ ಬಾರದ ನೋವು, ಎಲ್ಲಿಟ್ಟೆವೋ ನೆನಪಿಲ್ಲದ ಕಾಗದಪತ್ರ, ಇವೆಲ್ಲ ಸೇರಿ ಒಬ್ಬರ ತಲೆಯ ಮೇಲೆ ಬಿದ್ದಾಗ ಕುಸಿಯುತ್ತಾರೆ. ದುಃಖವನ್ನು ತೆಗೆಯಲು ಯಾರಿಂದಲೂ ಆಗದು. ಉಳಿದ ನಾಲ್ಕನ್ನೂ ಒಂದೊಂದಾಗಿ ಇಳಿಸಬಹುದು.

ಶುರು ಮಾಡುವ ಮೊದಲು ಬೇಕಾದ್ದು: 200 ಪುಟದ ಒಂದು ನೋಟ್‌ಬುಕ್, ದಾರ ಕಟ್ಟುವ ಒಂದು ಫೈಲು, ಗೋಡೆಗೆ ಅಂಟಿಸಲು ಫೋನ್ ನಂಬರುಗಳ ಒಂದು ಹಾಳೆ, ಮತ್ತು ಎರಡನೇ ಒಬ್ಬ ವ್ಯಕ್ತಿ. ಮೊದಲ ಮೂರು ಅಂಗಡಿಯಲ್ಲಿ ಸಿಗುತ್ತವೆ. ನಾಲ್ಕನೆಯದನ್ನು ಬಾಯಿಬಿಟ್ಟು ಕೇಳಿಯೇ ಪಡೆಯಬೇಕು.

1. ಡಾಕ್ಟರ ಹತ್ತಿರ ಕೂತು ನಿಜ ಸ್ಥಿತಿ ತಿಳಿದುಕೊಳ್ಳಿ

ಓಪಿಡಿಯ ನೂಕುನುಗ್ಗಲಿನಲ್ಲಿ ನಿಂತು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. "ಮನೆಯವರೆಲ್ಲ ಸೇರಿ ಹದಿನೈದು ನಿಮಿಷ ಮಾತಾಡಬೇಕು, ಯಾವಾಗ ಬರಲಿ?" ಎಂದು ಕೇಳಿ ಸಮಯ ಗೊತ್ತು ಮಾಡಿಕೊಳ್ಳಿ. ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ: ಕಾಯಿಲೆ ಎಲ್ಲೆಲ್ಲಿಗೆ ಹಬ್ಬಿದೆ? ಈಗ ಕೊಡುತ್ತಿರುವ ಚಿಕಿತ್ಸೆ ಆಯಸ್ಸು ಹೆಚ್ಚಿಸಲಿಕ್ಕೋ, ತೊಂದರೆ ಕಡಿಮೆ ಮಾಡಲಿಕ್ಕೋ? ಉಳಿದಿರುವುದು ದಿನಗಳೋ, ವಾರಗಳೋ, ತಿಂಗಳುಗಳೋ? ಮುಂದೆ ಮನೆಯಲ್ಲಿ ಏನೇನು ತೊಂದರೆ ಬರಬಹುದು?

ಮೂರನೆಯ ಪ್ರಶ್ನೆಗೆ ತಾರೀಖನ್ನು ಯಾರೂ ಹೇಳಲಾರರು. ಆದರೆ ದಿನ, ವಾರ, ತಿಂಗಳು ಎಂಬ ಅಂದಾಜು ಸಿಕ್ಕರೆ ದೂರದಲ್ಲಿರುವ ಮಗ ಯಾವಾಗ ರಜೆ ಹಾಕಬೇಕು ಎಂಬುದಾದರೂ ತೀರ್ಮಾನವಾಗುತ್ತದೆ.

ಇದೇ ಭೇಟಿಯಲ್ಲಿ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ಪ್ಯಾಲಿಯೇಟಿವ್ ಕೇರ್ ಅಂದರೆ ಉಪಶಾಮಕ ಆರೈಕೆ: ಕಾಯಿಲೆ ವಾಸಿಯಾಗದಿದ್ದರೂ ನೋವು, ಉಬ್ಬಸ, ವಾಂತಿ, ಭಯ ಇವನ್ನು ಹತೋಟಿಗೆ ತರುವ ವೈದ್ಯಶಾಖೆ. ರೋಗಿಯನ್ನಷ್ಟೇ ಅಲ್ಲ, ಮನೆಯವರನ್ನೂ ಅವರು ವಿಚಾರಿಸಿಕೊಳ್ಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯದಲ್ಲಿ ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಇರಿಸಿಕೊಂಡು ನೋಡಿಕೊಳ್ಳುತ್ತಾರೆ, ಮನೆಗೂ ಬಂದು ನೋಡುತ್ತಾರೆ.

ಎಡವುವುದು ಇಲ್ಲಿ: "ಅಲ್ಲಿಗೆ ಹೋದರೆ ಕೈಬಿಟ್ಟ ಹಾಗೆ" ಎಂದುಕೊಂಡು ಕೊನೆಯ ವಾರದವರೆಗೆ ಕಾಯುವುದು. ಕೀಮೋ ನಡೆಯುತ್ತಿರುವಾಗಲೂ ಹೋಗಬಹುದು. ಬೇಗ ಹೋದಷ್ಟೂ ಮನೆಯವರಿಗೆ ಹೆಚ್ಚು ರಾತ್ರಿ ನಿದ್ದೆ ಸಿಗುತ್ತದೆ.

2. ಅವರಿಗೆ ಹೇಳುವುದು

ಹೆಚ್ಚಿನ ಮನೆಗಳಲ್ಲಿ ಅವರಿಗೆ ಆಗಲೇ ಗೊತ್ತಿರುತ್ತದೆ. ಸ್ಕ್ಯಾನಿಂಗ್ ರಿಪೋರ್ಟ್ ತೆಗೆದು ಓದಿ, ಮಡಿಕೆ ತಪ್ಪದಂತೆ ಮಡಚಿ ಅದೇ ಕವರಿನಲ್ಲಿ ಇಟ್ಟಿರುತ್ತಾರೆ. ಹೆಂಡತಿ ಹೆದರಬಾರದೆಂದು ಅವರು ಸುಮ್ಮನಿರುತ್ತಾರೆ, ಅವರು ಎದೆಗುಂದಬಾರದೆಂದು ಹೆಂಡತಿ ಸುಮ್ಮನಿರುತ್ತಾಳೆ. ಒಂದೇ ಸೂರಿನಡಿ ಇಬ್ಬರೂ ಬೇರೆಬೇರೆ ಅಳುತ್ತಾರೆ.

ಸುದ್ದಿಯನ್ನು ಒಮ್ಮೆಲೇ ಸುರಿಯಬೇಡಿ. ಮೊದಲು ಕೇಳಿ: "ಡಾಕ್ಟರು ನಿಮಗೆ ಏನು ಹೇಳಿದ್ರು?" ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಒಂದು ನಿಮಿಷ ಮೌನವಾಗಿದ್ದರೂ ನೀವು ನಡುವೆ ತುಂಬಬೇಡಿ. ನಂತರ: "ಇನ್ನೂ ಏನಾದ್ರೂ ತಿಳ್ಕೋಬೇಕು ಅನ್ಸತ್ತಾ, ಅಥವಾ ನಾವೇ ನೋಡ್ಕೊಳ್ಳೋದಾ?" ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ. ಬೇಡ ಎನ್ನುವುದೂ ಅವರ ಹಕ್ಕು. ಬೇಕು ಎಂದರೆ ಸುಳ್ಳು ಹೇಳಬೇಡಿ. "ಕಾಯಿಲೆ ಪೂರ್ತಿ ಹೋಗಲ್ಲ ಅಂದಿದಾರೆ. ನೋವಿಲ್ಲದ ಹಾಗೆ ನೋಡ್ಕೋತೀವಿ, ನಾವೆಲ್ಲ ಇಲ್ಲೇ ಇರ್ತೀವಿ" ಎಂದಷ್ಟು ಸಾಕು. ಕೈ ಹಿಡಿದು ಹೇಳಿ.

ತಪ್ಪುವುದು ಎಲ್ಲಿ ಅಂದರೆ, ಅವರು ನೋಡುತ್ತಿರುವಾಗಲೇ ಡಾಕ್ಟರಿಗೆ ಕಣ್ಣುಸನ್ನೆ ಮಾಡಿ ಹೊರಗೆ ಕರೆದೊಯ್ಯುವುದು. ಹದಿನೈದಿಪ್ಪತ್ತು ವರ್ಷ ಸೇನೆಯಲ್ಲಿದ್ದ ಮನುಷ್ಯನಿಗೆ ಇದು ತಿಳಿಯದೆ ಇರುವುದಿಲ್ಲ. ಆ ದಿನದಿಂದ ನೀವು ಏನು ಹೇಳಿದರೂ ನಂಬಿಕೆ ಹುಟ್ಟುವುದಿಲ್ಲ.

ಜೊತೆಗೆ ಬರುವ ಇನ್ನೊಂದು ಪ್ರಶ್ನೆ: "ಸರ್ವಿಸಿನಿಂದಲೇ ಬಂತಾ?" ಹಳೆಯ ಹಡಗುಗಳ ಎಂಜಿನ್ ಕೋಣೆಗಳಲ್ಲಿ ಕೆಲಸ ಮಾಡಿದವರಿಗೆ ಕಲ್ನಾರಿನ ಧೂಳಿನಿಂದ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಹಲವು ದಶಕಗಳ ನಂತರ ಕಾಣಿಸಿಕೊಳ್ಳುವುದು ಉಂಟು. ಬೇರೆ ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ಅನುಮಾನವಿದ್ದರೆ ಸೇವಾ ದಾಖಲೆ, ವೈದ್ಯಕೀಯ ದಾಖಲೆ ಜೋಡಿಸಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಕೊಟ್ಟು ಸಲಹೆ ಕೇಳಿ. ಈ ಚರ್ಚೆ ಪ್ರತಿ ಸಂಜೆ ಮಂಚದ ಪಕ್ಕ ನಡೆಯುವುದು ಬೇಡ.

3. ನೋವನ್ನು ಕೇಳಿ ಅಲ್ಲ, ನೋಡಿ ತಿಳಿಯಿರಿ

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ. ಮನೆಯವರ ಮನಸ್ಸನ್ನು ಎಲ್ಲಕ್ಕಿಂತ ಬೇಗ ಮುರಿಯುವುದು ಹತೋಟಿಗೆ ಬಾರದ ನೋವು.

ಆಸ್ಪತ್ರೆಯಲ್ಲಿ "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?" ಎಂದು ಕೇಳುತ್ತಾರೆ. ಸೈನಿಕರು ಎಂಟು ಇದ್ದರೂ "ಎರಡು" ಅನ್ನುತ್ತಾರೆ. ಸಹಿಸುವುದನ್ನೇ ಕಲಿತು ಬಂದವರು. ಆದ್ದರಿಂದ ಮನೆಯಲ್ಲಿ ನೀವು ನೋಡಬೇಕಾದ್ದು: ಮಗ್ಗುಲು ಬದಲಿಸುವಾಗ ಮಂಚದ ಪಟ್ಟಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುವುದು, ಎದ್ದೇಳುವ ಮೊದಲು ಉಸಿರು ಬಿಗಿಹಿಡಿಯುವುದು, ಸ್ನಾನ ಬೇಡ ಎನ್ನುವುದು, ಟಿವಿ ಹಾಕಿದ್ದರೂ ಗೋಡೆ ನೋಡುವುದು, ಸುಮ್ಮಸುಮ್ಮನೆ ರೇಗುವುದು. ಪ್ರಶ್ನೆಯನ್ನೂ ಬದಲಿಸಿ. "ನೋವಿದೆಯಾ?" ಬದಲು "ನಿನ್ನೆ ರಾತ್ರಿ ನೋವಿಗೆ ಎಷ್ಟು ಸಲ ಎಚ್ಚರ ಆಯ್ತು?" ಎಂದು ಕೇಳಿದರೆ ಲೆಕ್ಕ ಒಪ್ಪಿಸುವ ಹಾಗೆ ಸರಿಯಾಗಿ ಹೇಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಸಮಯ, ಮಾತ್ರೆ, ನೋವಿನ ಗುರುತು, ಮಲವಿಸರ್ಜನೆ, ಯಾರು ಕೊಟ್ಟರು. ಡಾಕ್ಟರು ನೋಡಬೇಕಾದ್ದು ಈ ಪುಟಗಳನ್ನೇ.

ಮಾರ್ಫಿನ್ ಬಗ್ಗೆ. ಇದು ತೀವ್ರ ನೋವಿಗೆ ಕೊಡುವ ಅಫೀಮು ಮೂಲದ ಔಷಧ. ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ, ಪ್ಯಾಲಿಯೇಟಿವ್ ಕೇಂದ್ರಗಳಲ್ಲಿ ಸಿಗುತ್ತದೆ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದು ಇದರ ಪೂರೈಕೆಯ ನಿಯಮ ಸಡಿಲಿಸಿದ್ದಾರೆ. ಸಾಮಾನ್ಯ ಮಾತ್ರೆ ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಗಡಿಯಾರ ನೋಡಿ ಕೊಡಬೇಕು, ನೋವು ಬಂದ ಮೇಲೆ ಅಲ್ಲ. ರಾತ್ರಿ 10ಕ್ಕೆ ಎರಡು ಪಟ್ಟು ಕೊಟ್ಟು ನಡುರಾತ್ರಿಯ ಡೋಸ್ ಬಿಡುವ ಪದ್ಧತಿಯೂ ಇದೆ. ಅದು ನಿಮ್ಮವರಿಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಆಗುತ್ತದೆ ಎಂದು ಅವರು ಹೇಳಿದರೆ, ರಾತ್ರಿ 2ಕ್ಕೆ ಮಾತ್ರೆಗಾಗಿ ಯಾರೂ ಏಳಬೇಕಿಲ್ಲ. ನಡುವೆ ನೋವು ಭುಗಿಲೆದ್ದರೆ ಕೊಡುವ ಹೆಚ್ಚುವರಿ ಡೋಸ್ ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಾಳಾಗುವುದು ಹೀಗೆ:

- "ಕೊನೆಗೆ ಬೇಕಾಗುತ್ತೆ, ಈಗ ಬೇಡ" ಎಂದು ಉಳಿಸುವುದು. ಮಾರ್ಫಿನ್ ಖಾಲಿಯಾಗಿಹೋಗುವ ಉಗ್ರಾಣವಲ್ಲ, ನೋವು ಹೆಚ್ಚಿದಂತೆ ಡೋಸನ್ನೂ ಹೆಚ್ಚಿಸಲು ಬರುತ್ತದೆ.
- ಚಟ ಹತ್ತುತ್ತದೆ ಎಂಬ ಹೆದರಿಕೆ. ನೋವಿಗೆ ಡಾಕ್ಟರು ಹೇಳಿದಷ್ಟೇ ಕೊಟ್ಟರೆ ಅಂಥ ಚಟ ಅಪರೂಪ. ಆದರೆ ಥಟ್ಟನೆ ನಿಲ್ಲಿಸಬೇಡಿ, ಮೈ ನಡುಗಿ ಬೆವರಿ ಒದ್ದಾಡುತ್ತಾರೆ.
- ಮಲಬದ್ಧತೆಯ ಔಷಧ ಮರೆಯುವುದು. ಮಾರ್ಫಿನ್ ಶುರುವಾದ ದಿನವೇ ಅದೂ ಶುರುವಾಗಬೇಕು. ಮೂರು ದಿನ ಕಟ್ಟಿಕೊಂಡರೆ ಹೊಟ್ಟೆನೋವು, ವಾಂತಿ, ಬುದ್ಧಿಭ್ರಮಣೆ ಮೂರೂ ಬರಬಹುದು, ದೋಷ ಮಾರ್ಫಿನ್ ಮೇಲೆ ಬೀಳುತ್ತದೆ.
- ನಿಧಾನವಾಗಿ ಕರಗುವ 12 ಗಂಟೆಯ ಮಾತ್ರೆಯನ್ನು ಪುಡಿ ಮಾಡಿ ಕೊಡುವುದು. ಪೂರ್ತಿ ಔಷಧ ಒಮ್ಮೆಗೇ ರಕ್ತಕ್ಕೆ ಸೇರಿ ಪ್ರಾಣಾಪಾಯವಾಗುತ್ತದೆ.

ಮೊದಲ ಎರಡು ಮೂರು ದಿನ ಮಂಪರು ಸಹಜ. ಆದರೆ ಕೂಗಿ ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕೆಳಗಿಳಿದರೆ ಮುಂದಿನ ಡೋಸ್ ಕೊಡದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದವರಲ್ಲಿ ಕಾಲಿನ ಬಲ ಇದ್ದಕ್ಕಿದ್ದಂತೆ ಕಡಿಮೆಯಾದರೆ ಅಥವಾ ಮೂತ್ರ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾದರೆ ಹೋದ ಬಲ ವಾಪಸ್ ಬರುವುದು ಕಷ್ಟ.

4. ರಾತ್ರಿಗೆ ಗಾರ್ಡ್ ಡ್ಯೂಟಿ ಹಾಕಿ

ಎರಡು ಗಂಟೆ ಪಹರೆ, ನಾಲ್ಕು ಗಂಟೆ ವಿಶ್ರಾಂತಿ: ಸಂತ್ರಿ ಕೆಲಸದ ಹಳೆಯ ಲೆಕ್ಕ ಇದು. ಒಬ್ಬನನ್ನೇ ರಾತ್ರಿಪೂರ್ತಿ ನಿಲ್ಲಿಸಿದರೆ ಬೆಳಗಿನ ಜಾವಕ್ಕೆ ಅವನು ತೂಕಡಿಸುತ್ತಾನೆ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. "ನನ್ನಿಂದ ಎಲ್ಲರಿಗೂ ತೊಂದರೆ" ಎಂದು ಕೊರಗುವವರಿಗೆ ಇದನ್ನೇ ನೆನಪಿಸಿ, ಪಾಳಿಪಟ್ಟಿಯನ್ನು ಅವರ ಕೈಯಲ್ಲೇ ಬರೆಸಿ.

ಇಬ್ಬರಿದ್ದರೆ ರಾತ್ರಿ 10ರಿಂದ 2, 2ರಿಂದ 6. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಬೇಕು, ಅದೇ ಕೋಣೆಯ ಚಾಪೆಯ ಮೇಲೆ ಅಲ್ಲ. ಮೂರನೆಯವರು ಸಿಕ್ಕರೆ ಮೂರು ರಾತ್ರಿಗೊಮ್ಮೆ ಒಬ್ಬೊಬ್ಬರಿಗೆ ಪೂರ್ತಿ ರಜೆ. ಒಬ್ಬರೇ ಇದ್ದರೆ ವಾರಕ್ಕೆ ಎರಡು ರಾತ್ರಿಗಾದರೂ ನೆಂಟರನ್ನೋ ಸಂಬಳದ ಅಟೆಂಡರನ್ನೋ ಗೊತ್ತು ಮಾಡಿ. ಕರೆಗಂಟೆಯ ರಿಮೋಟ್ ಒಂದನ್ನು ದಿಂಬಿನ ಪಕ್ಕ ಇಡಿ. ಅದು ಇದ್ದರೆ ಕಾವಲಿರುವವರು ಪ್ರತಿ ಉಸಿರಿಗೂ ಕಿವಿಗೊಟ್ಟು ಕೂರಬೇಕಿಲ್ಲ.

ಸೊಸೆ ಅಥವಾ ಹೆಂಡತಿಯ ತಲೆಗೆ ಎಲ್ಲವೂ ಬರುವುದು ನಮ್ಮ ಮನೆಗಳ ದೊಡ್ಡ ತಪ್ಪು. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗ "ಏನಾದ್ರೂ ಬೇಕಿದ್ರೆ ಹೇಳಿ" ಅಂದರೆ ಏನೂ ಆಗುವುದಿಲ್ಲ. ಅವನಿಗೆ ಹೆಸರು ಹಿಡಿದು ಕೆಲಸ ಕೊಡಿ: ಬಿಲ್ಲುಗಳೆಲ್ಲ ನಿನ್ನದು, ಪೆನ್ಷನ್ ಪೋರ್ಟಲ್ ನಿನ್ನದು, ನೆಂಟರ ಫೋನಿಗೆಲ್ಲ ಉತ್ತರ ನಿನ್ನದು, ದಿನಾ ಸಂಜೆ 7ಕ್ಕೆ ವಿಡಿಯೋ ಕಾಲ್.

ಹಳೆಯ ಜೊತೆಗಾರರನ್ನು ಕರೆಸಿ. ಊರಿನ ಮಾಜಿ ಸೈನಿಕರ ಸಂಘದವರಿಗೆ ಹೇಳಿ, ಒಮ್ಮೆಗೆ ಇಬ್ಬರು, ಇಪ್ಪತ್ತು ನಿಮಿಷ. ಹೆಂಡತಿ ಮಕ್ಕಳ ಹತ್ತಿರ ಆಡದ ಮಾತು ಅವರ ಹತ್ತಿರ ಹೊರಬರುತ್ತದೆ. ಆ ಇಪ್ಪತ್ತು ನಿಮಿಷ ನೀವು ಅಂಗಳಕ್ಕೆ ಹೋಗಿ ಕೂತುಕೊಳ್ಳಿ. ಕಾಫಿ ಮಾಡಲು ಅಡುಗೆಮನೆಗೆ ಹೋಗಬೇಡಿ.

5. ಮನಸ್ಸಿಗೆ ಬರುವುದಕ್ಕೆ ಹೆಸರಿಡಿ, ಅಪಾಯದ ಗುರುತು ತಿಳಿದಿರಿ

ಸಾವಿಗೆ ಮೊದಲೇ ಶುರುವಾಗುವ ದುಃಖಕ್ಕೆ ಮನೋವೈದ್ಯರು ನಿರೀಕ್ಷಿತ ದುಃಖ ಎನ್ನುತ್ತಾರೆ. ಅದು ಅಳುವಾಗಿಯೇ ಬರಬೇಕೆಂದಿಲ್ಲ. ಸಿಟ್ಟಾಗಿ, ಮರೆವಾಗಿ, ಏನೂ ಅನ್ನಿಸದ ಮರಗಟ್ಟಿದ ಸ್ಥಿತಿಯಾಗಿಯೂ ಬರುತ್ತದೆ. "ಬೇಗ ಮುಗೀಲಿ" ಎಂಬ ಯೋಚನೆ ಬಹಳ ಮಂದಿ ಆರೈಕೆದಾರರಿಗೆ ಬರುತ್ತದೆ. ನೀವು ಬಯಸುತ್ತಿರುವುದು ಅವರ ನರಳಾಟ ಮುಗಿಯುವುದನ್ನು, ನಿಮ್ಮ ದಣಿವು ಮುಗಿಯುವುದನ್ನು. ನೀವು ಪಾಪಿಯಲ್ಲ.

ಆದರೆ ಎರಡು ವಾರ ಮೀರಿ ಅವರು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ನಿಮ್ಮ ಸ್ವಂತ ಬಿಪಿ, ಶುಗರ್ ಮಾತ್ರೆ ತಪ್ಪುತ್ತಿದ್ದರೆ, ರೋಗಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ ಸಹಾಯ ಕೇಳಬೇಕು. ಸಾಯಬೇಕೆಂಬ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅಂದೇ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗಾಗಿಯೇ ಇದರ ಒಂದು ಘಟಕ ಶುರುವಾಯಿತು.

ರೋಗಿಯ ಬಗ್ಗೆಯೂ ಇದೇ ಎಚ್ಚರ ಬೇಕು. ಕೋವಿ ಇರುವ ಮನೆಗಳಲ್ಲಿ, ಅದರಲ್ಲೂ ಪರವಾನಗಿ ವಿನಾಯಿತಿಯಿಂದ ಮನೆಮನೆಯಲ್ಲೂ ಕೋವಿ ಇರುವ ಕೊಡಗಿನಲ್ಲಿ, ಅದನ್ನು ಮೊದಲ ವಾರವೇ ಪೊಲೀಸ್ ಠಾಣೆಯಲ್ಲಿ ಕಾನೂನು ಪ್ರಕಾರ ಜಮಾ ಮಾಡುವ ವಿಷಯ ವಿಚಾರಿಸಿ. ತೋಟದ ಕೀಟನಾಶಕಕ್ಕೂ ಬೀಗ ಬೀಳಲಿ. ಮಾರ್ಫಿನ್ ಡಬ್ಬಿಯೂ ಬೀಗದೊಳಗಿರಲಿ. ಅವರಿಗೆ ಬೇಸರವಾಗಬಹುದು, ಆದರೂ ಮಾಡಿ.

ಕೊನೆಯ ವಾರಗಳಲ್ಲಿ ಮನೆಯವರನ್ನು ಹೆಚ್ಚು ನಡುಗಿಸುವುದು ಡೆಲಿರಿಯಂ. ಅಂದರೆ ದೇಹದ ಏರುಪೇರಿನಿಂದ ಥಟ್ಟನೆ ಬರುವ ಬುದ್ಧಿಭ್ರಮಣೆ. ರಾತ್ರಿ ಎರಡಕ್ಕೆ ಎದ್ದು, ಮೊಮ್ಮಕ್ಕಳು ಎಂದೂ ಕೇಳದ ದನಿಯಲ್ಲಿ "ಕೌನ್ ಹೈ?" ಎಂದು ಗದರುತ್ತಾರೆ. ಹಾಸಿಗೆಯ ಅಂಚು ಕಂದಕವಾಗುತ್ತದೆ, ಕಿಟಕಿಯ ನೆರಳು ಶತ್ರುವಾಗುತ್ತದೆ. ಹಿಂದಿನಿಂದ ಮುಟ್ಟಬೇಡಿ, ಬಿಗಿಯಾಗಿ ಹಿಡಿಯಬೇಡಿ. ಲೈಟ್ ಹಾಕಿ, ಕಾಲ ಕಡೆ ಕಾಣುವಂತೆ ನಿಂತು ಮೆಲ್ಲಗೆ ಹೇಳಿ: "ಅಪ್ಪಾ, ನಾನು ನಿಮ್ಮ ಮಗಳು. ಮನೇಲಿದೀವಿ. ಎಲ್ಲ ಸರಿಯಾಗಿದೆ." ವಾದ ಮಾಡಬೇಡಿ. ಮಲ, ಮೂತ್ರ ಕಟ್ಟಿದೆಯೇ, ಜ್ವರವಿದೆಯೇ, ಹೊಸ ಔಷಧ ಶುರುವಾಗಿದೆಯೇ ನೋಡಿ ಡಾಕ್ಟರಿಗೆ ಫೋನ್ ಮಾಡಿ. ಎಷ್ಟೋ ಸಲ ಕಾರಣ ಸಿಗುತ್ತದೆ, ತಿಳಿಯಾಗುತ್ತದೆ. ಆ ಹೊತ್ತಿನಲ್ಲಿ ಬಂದ ಬೈಗುಳ ನಿಮಗೆ ಬೈದದ್ದಲ್ಲ.

6. ಕಾಗದಪತ್ರ: ಹಗಲಿನಲ್ಲಿ, ದಿನಕ್ಕೆ ಒಂದು ಗಂಟೆ

ಫೈಲಿನಲ್ಲಿ ಇರಬೇಕಾದ್ದು: ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟದ್ದು), ಪಿಪಿಒ (ಪೆನ್ಷನ್ ಮಂಜೂರಾತಿ ಆದೇಶ), ಇಬ್ಬರ ಇಸಿಎಚ್‌ಎಸ್ ಕಾರ್ಡ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಗ್ರೂಪ್ ಇನ್ಶೂರೆನ್ಸ್ ಕಾಗದ.

ಇಸಿಎಚ್‌ಎಸ್ ಅಂದರೆ 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ. ಸಾಮಾನ್ಯವಾಗಿ ಈ ಯೋಜನೆಯದೇ ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆದು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ತುರ್ತಿನಲ್ಲಿ ಬೇರೆ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ. ಗಾಬರಿಯಲ್ಲಿ ಇದು ಮರೆತು ಬಿಲ್ಲು ತಲೆಗೆ ಬಂದ ಮನೆಗಳು ಬಹಳ. ಗೋಡೆಯ ಹಾಳೆಯಲ್ಲಿ ಮೊದಲ ಸಾಲೇ ಇದಾಗಲಿ.

ಹೆಂಡತಿಯ ಹೆಸರು ಮತ್ತು ಹುಟ್ಟಿದ ತಾರೀಖು ಪಿಪಿಒದಲ್ಲಿ, ಸ್ಪರ್ಶ್ ಪೆನ್ಷನ್ ಪೋರ್ಟಲ್‌ನಲ್ಲಿ, ಆಧಾರ್‌ನಲ್ಲಿ ಒಂದೇ ರೀತಿ ಇದೆಯೇ ಅಕ್ಷರ ಅಕ್ಷರ ಹೋಲಿಸಿ. ಒಂದು ಕಡೆ "ಗೌರಮ್ಮ", ಇನ್ನೊಂದು ಕಡೆ "ಗೌರಿ" ಎಂದಿದ್ದರೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳಬಹುದು. ಅವರು ಸಹಿ ಹಾಕುವಷ್ಟು ಶಕ್ತರಾಗಿರುವಾಗಲೇ ರೆಕಾರ್ಡ್ಸ್ ಆಫೀಸಿಗೆ (ಅವರ ಸೇವಾ ದಾಖಲೆ ಇರುವ ಸೇನಾ ಕಚೇರಿಗೆ) ಬರೆದು ಸರಿಪಡಿಸಿ. ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರವನ್ನು ಹಾಸಿಗೆಯಲ್ಲೇ ಫೋನಿನ ಮುಖ ಗುರುತಿಸುವ ಆ್ಯಪ್‌ನಿಂದ ಮಾಡಬಹುದು, ಹೊತ್ತುಕೊಂಡು ಬ್ಯಾಂಕಿಗೆ ಹೋಗಬೇಡಿ.

ಈ ಕೆಲಸವನ್ನು ಅವರಿಂದ ಮುಚ್ಚಿಡಬೇಡಿ. ಯಾವ ಕಾಗದ ಎಲ್ಲಿದೆ ಎಂದು ಅವರೇ ಹೆಂಡತಿಗೆ ತೋರಿಸಿಕೊಡಲಿ. ಇದನ್ನು ಮುಗಿಸಿದ ದಿನ ಎಷ್ಟೋ ಮಂದಿ ಮೊದಲ ಬಾರಿಗೆ ನೆಮ್ಮದಿಯಾಗಿ ಮಲಗುತ್ತಾರೆ.

ಐಸಿಯು, ವೆಂಟಿಲೇಟರ್ ಬೇಕೋ ಬೇಡವೋ ಎಂಬುದನ್ನೂ ಅವರ ಬಾಯಿಂದಲೇ ಕೇಳಿ ಬರೆದಿಡಬಹುದು. ಇದಕ್ಕೆ ವೈದ್ಯಕೀಯ ಮುಂಗಡ ನಿರ್ದೇಶನ ಎನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ವಿಧಾನ ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಬರೆದಿಟ್ಟಿದ್ದರೆ ನಡುರಾತ್ರಿ ಅಣ್ಣತಮ್ಮಂದಿರು ಜಗಳವಾಡುವುದಿಲ್ಲ, "ನಾನೇ ಸಾಯಿಸಿಬಿಟ್ಟೆನಾ" ಎಂಬ ಕೊರಗು ಒಬ್ಬರಿಗೇ ಉಳಿಯುವುದಿಲ್ಲ.

7. ಕೊನೆಯ ದಿನಗಳು

ಊಟ ಬಿಡುತ್ತಾರೆ. ಹೆಂಡತಿಗೆ ಇದು ಎಲ್ಲಕ್ಕಿಂತ ದೊಡ್ಡ ಸಂಕಟ, "ಒಂದು ತುತ್ತಾದರೂ" ಎಂದು ಗಂಜಿ ಹಿಡಿದು ನಿಲ್ಲುತ್ತಾಳೆ. ಈ ಹಂತದಲ್ಲಿ ಅವರು ಸಾಯುತ್ತಿರುವುದು ಉಪವಾಸದಿಂದಲ್ಲ. ದೇಹ ಮುಚ್ಚಿಕೊಳ್ಳುತ್ತಿರುವುದರಿಂದ ಹಸಿವು ನಿಂತಿದೆ. ಒತ್ತಾಯಿಸಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಬದಲಿಗೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸುವ, ತುಟಿಗೆ ಬೆಣ್ಣೆ ಹಚ್ಚುವ ಕೆಲಸವನ್ನು ಆಕೆಗೆ ಕೊಡಿ. ಎರಡು ಗಂಟೆಗೊಮ್ಮೆ ಮಾಡಲಿ. ಕೈಗೆ ಒಂದು ಕೆಲಸ ಬೇಕು.

ಕೈಕಾಲು ತಣ್ಣಗಾಗುವುದು, ಉಸಿರು ನಡುನಡುವೆ ನಿಂತು ಮತ್ತೆ ಬರುವುದು, ಗಂಟಲಲ್ಲಿ ಗೊರಗೊರ ಸದ್ದು, ಇವು ನಿರೀಕ್ಷಿತ. ಆ ಸದ್ದು ಕೇಳುವವರಿಗೆ ಹಿಂಸೆ, ಅವರಿಗೆ ಅದು ಗೊತ್ತಾಗುತ್ತಿರುವ ಸಂಭವ ಕಡಿಮೆ. ಮಗ್ಗುಲಿಗೆ ಮಲಗಿಸಿ. ಮಾತಾಡುತ್ತಿರಿ.

ಮನೆಯಲ್ಲೇ ಎಂದು ತೀರ್ಮಾನಿಸಿದ್ದರೆ, ಮರಣ ದೃಢೀಕರಿಸಲು ಯಾವ ಡಾಕ್ಟರು ಬರುತ್ತಾರೆ ಎಂಬುದನ್ನು ಮೊದಲೇ ಮಾತಾಡಿ ನಂಬರು ಗೋಡೆಯ ಹಾಳೆಗೆ ಸೇರಿಸಿ. ಇದಿಲ್ಲದೆ ಕೊನೆಯ ಗಳಿಗೆಯಲ್ಲಿ ಆಂಬುಲೆನ್ಸಿಗೆ ಹಾಕಿ, ದಾರಿಯಲ್ಲಿ ಉಸಿರು ಹೋದ ಮನೆಗಳು ಎಷ್ಟೋ.

8. ನಂತರದ ವಾರಗಳು

ಮರಣ ನೋಂದಣಿ 21 ದಿನದೊಳಗೆ. ನಾಲ್ಕೈದು ಪ್ರತಿ ತೆಗೆದುಕೊಳ್ಳಿ. ಸ್ಪರ್ಶ್‌ಗೆ, ಬ್ಯಾಂಕಿಗೆ, ರೆಕಾರ್ಡ್ಸ್ ಆಫೀಸಿಗೆ ತಿಳಿಸಿ. ತಿಳಿಸುವವರೆಗೆ ಅವರ ಖಾತೆಗೆ ಬಂದ ಪೆನ್ಷನ್ ಹಣ ತೆಗೆಯಬೇಡಿ, ಹೆಚ್ಚಾಗಿ ಬಂದದ್ದನ್ನು ಆಮೇಲೆ ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ 30 ಶೇಕಡಾ. ಪೆನ್ಷನ್‌ದಾರರು 67 ವಯಸ್ಸಿಗೆ ಮೊದಲೇ ತೀರಿಕೊಂಡರೆ ಸ್ವಲ್ಪ ಕಾಲ ಹೆಚ್ಚಿನ ದರ ಸಿಗುತ್ತದೆ. ಅರ್ಜಿ ತುಂಬಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ನೆರವಾಗುತ್ತಾರೆ.

ತಿಥಿ ಮುಗಿದು ನೆಂಟರು ಹೊರಟ ಮೇಲಿನ ತಿಂಗಳು ಕಠಿಣ. ತಿಂಗಳುಗಟ್ಟಲೆ ಕಾವಲಿದ್ದ ದೇಹಕ್ಕೆ ರಾತ್ರಿ 2ಕ್ಕೆ ತಾನಾಗಿ ಎಚ್ಚರವಾಗುತ್ತದೆ. ಮುಂದೂಡಿದ್ದ ನಿಮ್ಮ ರಕ್ತಪರೀಕ್ಷೆ, ಕಣ್ಣಿನ ತಪಾಸಣೆಗೆ ಆ ತಿಂಗಳೇ ತಾರೀಖು ಹಾಕಿ. ಹೆಂಡತಿಯನ್ನು ಆ ತಿಂಗಳು ರಾತ್ರಿ ಒಂಟಿಯಾಗಿ ಮಲಗಲು ಬಿಡಬೇಡಿ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಕೊಟ್ಟ ಕೇಂದ್ರಕ್ಕೇ ಹಿಂದಿರುಗಿಸಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಇನ್ನೊಬ್ಬ ರೋಗಿಗೆ ನೀವೇ ಕೊಡಬೇಡಿ. ಗಾಳಿ ಹಾಸಿಗೆ, ಕಮೋಡ್ ಕುರ್ಚಿ ಬೇಕಿರುವ ಮನೆ ಯಾವುದೆಂದು ಅದೇ ಕೇಂದ್ರದ ಸಿಸ್ಟರ್‌ಗೆ ಗೊತ್ತಿರುತ್ತದೆ. ಕೇಳಿ.